ಶಾಂಭವಿಯ ಅಳಿವೆಯಲ್ಲಿ

ಮಂಗಳೂರಿನಿಂದ ಉಡುಪಿಯತ್ತ ಹೊರಟವರು ಪಣಂಬೂರಿನ ಬಂದರನ್ನೂ ಸುರತ್ಕಲ್ಲಿನ ದೀಪಸ್ತಂಭವನ್ನೂ ಹಿಂದಿಕ್ಕಿ, ಹಳೆಯಂಗಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ಸಸಿಹಿತ್ಲು ಸಿಗುತ್ತದೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ನಂದಿನಿ ನದಿ. ನಡುವೆ ತೆಂಗುಗಳನ್ನು ಹೊತ್ತ ಕಿರಿದಾದ ನೆಲ. ಅದರ ಬಡಗಣ ತುದಿಯಲ್ಲಿ ನಂದಿನಿಯೂ ಶಾಂಭವಿಯೂ ಕೂಡಿ ಸಮುದ್ರವನ್ನು ಸೇರುತ್ತವೆ. ಭರತದ ಹೊತ್ತಿಗೆ ಉಪ್ಪುನೀರು ನದಿಯೊಳಕ್ಕೆ ನುಗ್ಗುತ್ತದೆ. ಇಳಿತದಲ್ಲಿ ನದಿಯು ಅಲೆಗಳಿಗೆ ಎದುರಾಗಿ ಹೊರಕ್ಕೆ ಹರಿಯುತ್ತದೆ. ಅಳಿವೆಯ ಈ ಗುಣವನ್ನು ಅರಿಯದವರು ಅಲ್ಲಿ ಹುಟ್ಟು ಹಾಕಬಾರದು.

ಈ ತೀರದಲ್ಲಿ ಹೆಣ್ಣು ನೀರಿಗೆ ಹೊಸಬಳಲ್ಲ. ಇಳಿತದ ನದಿಯಲ್ಲಿ ನಿಂತು ಮರುವಾಯಿ ಹೆಕ್ಕುವವರಲ್ಲಿ, ಮೀನಿನ ಬುಟ್ಟಿ ಹೊತ್ತು ಪೇಟೆ ಸೇರುವವರಲ್ಲಿ ಹೆಂಗಸರೇ ಹೆಚ್ಚು. ಆದರೆ ಕಡಲಿಗೆ ದೋಣಿ ಇಳಿಸುವ ಕೆಲಸ ಗಂಡಸರದು, ಹುಟ್ಟೂ ಅವರದೇ. ನೀರಾಟಕ್ಕೆ ಆಸೆಪಡುವ ಹುಡುಗಿಗೆ, ಬಿಸಿಲಿಗೆ ಮೈಬಣ್ಣ ಕೆಟ್ಟರೆ ಗಂಡು ಯಾರು ಒಪ್ಪುತ್ತಾರೆ ಎಂಬ ಎಚ್ಚರಿಕೆ ಬೇರೆ. ಮೀನು ಮಾರುವಾಗ ಸುಡದ ಬಿಸಿಲು ಆಡುವಾಗ ಮಾತ್ರ ಸುಡುವುದು ವಿಚಿತ್ರವೇ ಸರಿ!

2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ 'ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್' ಇಲ್ಲಿ ಬೇರೂರಿತು. ಓಟದ ಹಲಗೆಯ ಉದ್ದ ಸುಮಾರು 14 ಅಡಿ. ಅಗಲವೋ ಎರಡಡಿಯ ಆಸುಪಾಸು. ಆಳೆತ್ತರವನ್ನು ಮೀರಿದ ಹುಟ್ಟನ್ನು ಒಂದೇ ಮಗ್ಗುಲಲ್ಲಿ ಎಳೆಯುತ್ತ ಹೋದರೆ ಹಲಗೆ ಎದುರು ಮಗ್ಗುಲಿಗೆ ತಿರುಗುತ್ತದೆ. ಆದುದರಿಂದ ಕೈ ಬದಲಿಸುತ್ತಲೇ ಸಾಗಬೇಕು. ಅಡ್ಡಲೆ ಬಡಿದಾಗ ಮೊಣಕಾಲನ್ನು ಸಡಿಲಿಸದೆ ಸೆಟೆದು ನಿಂತವರು ನೀರಿಗೆ ಬೀಳುವುದು ಖಂಡಿತ.

ಮೂಲ್ಕಿಯ ತನ್ವಿ ಜಗದೀಶ್ ಈ ವಿದ್ಯೆಯನ್ನು ಕಲಿತದ್ದು ಇಲ್ಲಿಯೇ. ಮನೆಯವರಿಗೆ ಮೊದಮೊದಲು ಅದು ಒಪ್ಪಿಗೆಯಾಗಿರಲಿಲ್ಲ. ಆದರೂ 2016ರಲ್ಲಿ ಅವರು ಫಿಜಿ ದ್ವೀಪದ ವಿಶ್ವಸ್ಪರ್ಧೆಯಲ್ಲಿ ಭಾರತದ ಪರವಾಗಿ ಹುಟ್ಟು ಹಿಡಿದರು. ಮರುವರ್ಷ ಅಮೆರಿಕದ ಕೆರೊಲಿನಾ ಕಪ್‌ನಲ್ಲಿ ಮೂರನೆಯ ಸ್ಥಾನವನ್ನು ಗಳಿಸಿದರು.

ಅದೇ 2017ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಸ್ತ್ರೀಪುರುಷರಿಗೆ ಸಮಸಂಖ್ಯೆಯ ಸ್ಥಾನಗಳು ದೊರೆತವು. ದೋಣಿಯ ಆಟಗಳಲ್ಲಿ ಇಷ್ಟು ಬೇಗನೆ ನ್ಯಾಯ ಸಿಕ್ಕಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಪುರುಷರು 1936ರಲ್ಲಿಯೇ ಸ್ಪರ್ಧಿಸಿದ್ದರು. ಮಹಿಳೆಯರಿಗೆ ಕಯಾಕಿನ ಓಟ ದೊರೆತದ್ದು 1948ರಲ್ಲಿ. ಒಂಟಿ ಅಲಗಿನ ಹುಟ್ಟಿನ ಕನೂ ಅವರ ಪಾಲಿಗೆ ಬರಲು 2021ರ ಟೋಕಿಯೊ ಕೂಟದವರೆಗೆ ಕಾಯಬೇಕಾಯಿತು. ಎಂಬತ್ತೈದು ವರ್ಷ!

2024ರ ಮಾರ್ಚ್ 8ರಿಂದ 10ರವರೆಗೆ ಸಸಿಹಿತ್ಲುವಿನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನೆರವೇರಿತು. ಎಪಿಪಿ ವಿಶ್ವಪ್ರವಾಸದ ಸ್ಪರ್ಧೆ ಭಾರತಕ್ಕೆ ಬಂದದ್ದು ಅದೇ ಮೊದಲು. ಮೊದಲ ದಿನ ಮಹಿಳಾ ದಿನವೂ ಆಗಿತ್ತು. ಪುರುಷರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಆ್ಯಂಡರ್ಸನ್, ಮಹಿಳೆಯರಲ್ಲಿ ಸ್ಪೇನಿನ ಎಸ್ಪೆರಾಂಜಾ ಬರೇರಾಸ್ ಗೆದ್ದರು.

ತನ್ವಿ ಉಡುಪಿಯ ಬಳಿಯ ಕೋಡಿಬೆಂಗ್ರೆಯಲ್ಲಿ, ನದಿ ಕಡಲನ್ನು ಸೇರುವ ಎಡೆಯಲ್ಲಿ, ಜೊತೆಗಾರರೊಂದಿಗೆ ಕಲಿಕೆಯ ಶಾಲೆಯೊಂದನ್ನು ತೆರೆದರು. ಮಳೆಗಾಲ ಹಿಡಿದು ಅಳಿವೆಗಳಲ್ಲಿ ಕೆಂಪುನೀರು ಉಕ್ಕತೊಡಗಿದರೆ ಮಾತ್ರ, ಮೀನುಗಾರರ ದೋಣಿಗಳಂತೆ ಹಲಗೆಗಳೂ ದಡವನ್ನೇರುತ್ತವೆ.