ಈಜುಕೊಳಕ್ಕೆ ಬರೋ ನೀರು ಸೈನಿಕನ ಮನೆಗೆ ಯಾಕೆ ಬರಲ್ಲ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಅಮೆರಿಕದ ಲಾಸ್ ಏಂಜಲೀಸ್ ನಗರದ ಒಂದು ಜಮೀನಿನ ಕತೆ ಇದು. ಅಲ್ಲಿನ ಕೋರ್ಟಿನ ಸುದ್ದಿ ಓದ್ತಾ ಓದ್ತಾ ನಮ್ಮ ತಾಲ್ಲೂಕು ಕಚೇರಿಯ ಬೆಂಚಿನ ಮೇಲೇ ಕೂತಿದ್ದೀನೇನೋ ಅನ್ನಿಸಿಬಿಡ್ತು.

1888ರಲ್ಲಿ ಜಾನ್ ಪಿ. ಜೋನ್ಸ್ ಎಂಬ ಸೆನೆಟರ್ ಮತ್ತು ಆರ್ಕೇಡಿಯಾ ಬಂದೀನಿ ಎಂಬ ಶ್ರೀಮಂತ ಹೆಣ್ಣುಮಗಳು ಸೇರಿ ನಗರದ ಪಶ್ಚಿಮಕ್ಕೆ ನೂರಾರು ಎಕರೆ ದಾನ ಕೊಟ್ಟರು. ಯುದ್ಧದಲ್ಲಿ ಕೈಕಾಲು ಕಳ್ಕೊಂಡ ಸೈನಿಕರಿಗೆ ಅದು ಕಾಯಂ ಆಗಿ ಮನೆಯಾಗಿರಬೇಕು ಅಂತ ಷರತ್ತು. ಆಗ ಕೆಲಸ ಆಯ್ತು ನೋಡಿ. ವಸತಿ ಕಟ್ಟಡ, ಆಸ್ಪತ್ರೆ, ಚರ್ಚು, ತೋಟ, ಬಾಗಿಲ ತನಕ ಟ್ರಾಮ್ ಗಾಡಿ. ಆ ಟ್ರಾಮ್ ನಿಲ್ದಾಣದ ಕಟ್ಟಡ ಈಗಲೂ ಅಲ್ಲಿದೆ. ಸಾವಿರಾರು ಮಾಜಿ ಸೈನಿಕರು ಅಲ್ಲಿ ಬದುಕಿ, ಅಲ್ಲೇ ಸತ್ತರು.

ಆಮೇಲೆ ಸುತ್ತಮುತ್ತ ನಗರ ಬೆಳೀತು, ಜಾಗಕ್ಕೆ ಚಿನ್ನದ ಬೆಲೆ ಬಂತು. ವಿಯೆಟ್ನಾಂ ಯುದ್ಧದ ಕಾಲ ಮುಗಿಯೋ ಹೊತ್ತಿಗೆ ಸೈನಿಕರ ವಸತಿ ಹೆಚ್ಚುಕಮ್ಮಿ ಖಾಲಿ ಮಾಡಿಸಿದ್ದರು. ಕೇಂದ್ರ ಸರ್ಕಾರದ ಮಾಜಿ ಸೈನಿಕರ ಇಲಾಖೆ ಆ ಜಾಗವನ್ನು ತುಂಡು ತುಂಡಾಗಿ ಲೀಸಿಗೆ ಕೊಟ್ಟಿತು. ಶ್ರೀಮಂತರ ಮಕ್ಕಳು ಓದೋ ಖಾಸಗಿ ಶಾಲೆಗೆ 22 ಎಕರೆ: ಅಲ್ಲಿ ಓಟದ ಟ್ರ್ಯಾಕು, ಟೆನಿಸ್ ಅಂಗಳ, ಈಜುಕೊಳ. ಒಂದು ವಿಶ್ವವಿದ್ಯಾಲಯಕ್ಕೆ ಬೇಸ್‌ಬಾಲ್ ಮೈದಾನ. ಹೋಟೆಲಿನ ಬಟ್ಟೆ ಒಗೆಯೋ ಕಂಪನಿಗೂ ಒಂದು ತುಂಡು.

ಆ ಬೇಸ್‌ಬಾಲ್ ಮೈದಾನದ ಹೆಸರು ಜಾಕಿ ರಾಬಿನ್ಸನ್ ಸ್ಟೇಡಿಯಂ. ಬಿಳಿಯರಿಗಷ್ಟೇ ಮೀಸಲಾಗಿದ್ದ ದೊಡ್ಡ ಲೀಗಿನ ಬಾಗಿಲನ್ನು 1947ರಲ್ಲಿ ಒಡೆದ ಕಪ್ಪು ಆಟಗಾರ. ಅದಕ್ಕೂ ಮುಂಚೆ ಆತ ಸೇನೆಯಲ್ಲಿ ಅಧಿಕಾರಿಯಾಗಿದ್ದವನು. 1944ರಲ್ಲಿ ಟೆಕ್ಸಾಸಿನ ಸೇನಾ ಶಿಬಿರದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗು ಅಂದಾಗ ಹೋಗಲ್ಲ ಅಂದ. ಸೇನಾ ನ್ಯಾಯಾಲಯದಲ್ಲಿ ನಿಲ್ಲಿಸಿದರು, ನಿರ್ದೋಷಿ ಅಂತ ಗೆದ್ದು ಬಂದ. ಅಂಥವನ ಹೆಸರಿಟ್ಟು, ಸೈನಿಕರದೇ ಜಾಗದಲ್ಲಿ ಸೈನಿಕರಲ್ಲದವರಿಗೆ ಆಟದ ಮೈದಾನ. ನಮ್ಮಲ್ಲೂ ಅಂಬೇಡ್ಕರ್ ಭವನಕ್ಕೆ ಬೀಗ ಹಾಕಿ ಬೀಗದ ಕೈ ಯಾರ ಮನೇಲಿ ಇಟ್ಟಿರ್ತಾರೆ ಅಂತ ನಿಮಗೆ ಹೇಳಬೇಕಾ?

2011ರಲ್ಲಿ ಮಾಜಿ ಸೈನಿಕರು ಕೋರ್ಟಿಗೆ ಹೋದರು. 2013ರಲ್ಲಿ ಆ ಲೀಸುಗಳು ಕಾನೂನುಬಾಹಿರ ಅಂತ ತೀರ್ಪು ಬಂತು. 2015ರಲ್ಲಿ ರಾಜಿ, ಮರುವರ್ಷ ಯೋಜನೆ. 1,200 ಮನೆ ಕಟ್ಟೋದು, ಅದರಲ್ಲಿ 770 ಮನೆ 2022ರ ಕೊನೆಗೆ ತಯಾರಾಗೋದು ಅಂತ ಮಾತಾಯ್ತು. ಇದೇ 2016ರಲ್ಲಿ ಲಾಸ್ ಏಂಜಲೀಸ್ ನಗರದ ಮತದಾರರು ಮನೆಯಿಲ್ಲದವರಿಗೆ 10 ವರ್ಷದಲ್ಲಿ 10,000 ಮನೆ ಕಟ್ಟಿಸೋಕೆ 120 ಕೋಟಿ ಡಾಲರ್ ಸಾಲದ ಬಾಂಡಿಗೂ ಒಪ್ಪಿಗೆ ಕೊಟ್ಟರು. ಜಾಗ ಇತ್ತು, ಕಾಗದ ಇತ್ತು, ಜನರ ಒಪ್ಪಿಗೆಯೂ ಇತ್ತು.

2022 ಬಂತು. ಸೈನಿಕರ ಮನೆಗಳು ಮಾತು ಕೊಟ್ಟ ಲೆಕ್ಕದ ಹತ್ತಿರಕ್ಕೂ ಹೋಗಿರಲಿಲ್ಲ. ಯಾಕೆ ತಡ? ಪರಿಸರದ ಪರಿಶೀಲನೆ ಅಂದರು. ಖಾಸಗಿ ಡೆವಲಪರುಗಳು ಅಲ್ಲಿ ಇಲ್ಲಿ ಅಲೆದು ದುಡ್ಡು ಹೊಂದಿಸಬೇಕು ಅಂದರು. ಆಮೇಲೆ ನೆಲದಡಿಯ ನೀರಿನ ಪೈಪು, ಒಳಚರಂಡಿ, ಕರೆಂಟು ಎಲ್ಲಾ ಹಳೇದು, ಮೊದಲು ಅದನ್ನು ಸರಿ ಮಾಡಬೇಕು ಅಂದರು. ಈ ಕೊನೇ ಕಾರಣ ಓದಿದಾಗ ನನಗೆ ತಡೆಯೋಕಾಗಲಿಲ್ಲ. ಪೈಪು ಹಳೇದು ಅನ್ನೋದು ನಿಜವೇ ಇರಬಹುದು. ಆದರೆ ಅದೇ ಜಾಗದಲ್ಲಿ ಶಾಲೆಯ ಈಜುಕೊಳ ತುಂಬ್ತಿತ್ತು, ಮೈದಾನದ ಹುಲ್ಲು ಹಸಿರಾಗಿತ್ತು. ಅವರಿಗೆ ಬಂದ ನೀರು ಯಾವ ಪೈಪಲ್ಲಿ ಬಂತು? ಇತ್ತ ಕಾಂಪೌಂಡಿನ ಹೊರಗೆ, ಸ್ಯಾನ್ ವಿಸೆಂಟೆ ರಸ್ತೆಯ ಫುಟ್‌ಪಾತಿನಲ್ಲಿ, 2021ರ ತನಕ ದೇಶದ ಬಾವುಟ ಕಟ್ಟಿಕೊಂಡ ಟೆಂಟುಗಳ ಸಾಲು ಇತ್ತು. ಒಳಗೆ ಮಾಜಿ ಸೈನಿಕರ ಹೆಸರಲ್ಲಿ ಇನ್ನೂ 388 ಎಕರೆ, ಹೊರಗೆ ಅದೇ ಮಾಜಿ ಸೈನಿಕರು.

ಇನ್ನೊಂದು ವಿಷಯ ಕೇಳಿ, ಅದು ನಮ್ಮ ಹೊಟ್ಟೆಗೇ ನಾಟುತ್ತೆ. ಕಟ್ಟಿದ ಮನೆಗಳಿಗೆ ಆದಾಯದ ಮಿತಿ ಇತ್ತು. ಯುದ್ಧದಲ್ಲಿ ಅಂಗವಿಕಲರಾದವರಿಗೆ ಸರ್ಕಾರ ಕೊಡೋ ಪರಿಹಾರವನ್ನೂ ಆದಾಯ ಅಂತ ಲೆಕ್ಕ ಹಿಡಿದರು. ಅಂದ್ರೆ ಜಾಸ್ತಿ ಗಾಯ ಆದವನಿಗೆ ಜಾಸ್ತಿ ಪರಿಹಾರ, ಜಾಸ್ತಿ ಪರಿಹಾರ ಇದ್ದವನು 'ಆದಾಯ ಹೆಚ್ಚು' ಅಂತ ಪಟ್ಟಿಯಿಂದ ಹೊರಗೆ! ಮನೆ ಯಾರಿಗೆ ಎಲ್ಲರಿಗಿಂತ ಮೊದಲು ಬೇಕಿತ್ತೋ ಅವನಿಗೇ ಇಲ್ಲ. ಇನ್‌ಕಂ ಸರ್ಟಿಫಿಕೇಟಿಗೆ ನಾಡಕಚೇರಿ ಕ್ಯೂನಲ್ಲಿ ನಿಂತವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕೇಸು ಮತ್ತೆ ಕೋರ್ಟಿಗೆ ಹೋಗಿ, ವಿಚಾರಣೆ ನಡೀತಿದ್ದ 2024ರ ಆಗಸ್ಟಿನಲ್ಲೇ ವಸತಿ ಇಲಾಖೆ ಆ ನಿಯಮ ಬದಲಿಸ್ತು. ಮರುತಿಂಗಳು ನ್ಯಾಯಾಧೀಶ ಡೇವಿಡ್ ಕಾರ್ಟರ್ (ಇವರೂ ವಿಯೆಟ್ನಾಂನಲ್ಲಿ ಗಾಯಗೊಂಡು ಬಂದವರು) ಹಳೇ 1,200ರ ಮೇಲೆ ಇನ್ನೂ 1,800 ಕಾಯಂ ಮನೆ, 750 ತಾತ್ಕಾಲಿಕ ಮನೆ ಕಟ್ಟಿ ಅಂತ ಆದೇಶ ಕೊಟ್ಟರು. ಸರ್ಕಾರ ಮೇಲ್ಮನವಿ ಹಾಕ್ತು. 2025ರ ಮೇನಲ್ಲಿ ಅಧ್ಯಕ್ಷ ಟ್ರಂಪ್ ಅದೇ ಜಾಗದಲ್ಲಿ 2028ರೊಳಗೆ 6,000 ಮಂದಿಗೆ ವಸತಿ ಅಂತ ಇನ್ನೊಂದು ಆದೇಶ ಹೊರಡಿಸಿದರು. ಸಂಖ್ಯೆ ಮಾತ್ರ ಚೆನ್ನಾಗಿ ಬೆಳೀತಿದೆ.

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದವರು. ನಮ್ಮ ರಾಜ್ಯದ 1969ರ ಭೂ ಮಂಜೂರಾತಿ ನಿಯಮದಲ್ಲಿ ಮಂಜೂರಾಗೋ ಜಮೀನಲ್ಲಿ ನೂರಕ್ಕೆ 50 ಪರಿಶಿಷ್ಟರಿಗೆ, 10 ಮಾಜಿ ಸೈನಿಕರಿಗೆ ಅಂತಿದೆ. ದೊಡ್ಡಪ್ಪ ಎರಡೂ ಆಗಿದ್ದರು. ಎರಡೆಕರೆ ಮಂಜೂರಾಯ್ತು. ಆದರೆ ಆ ಜಮೀನಿಗೆ ದಾರಿ ಇರಲಿಲ್ಲ. ಸುತ್ತಲೂ ಒಬ್ಬ ಗೌಡರ ಹೊಲ. ಎತ್ತು ಹೊಡ್ಕೊಂಡು ಹೋಗಂಗಿಲ್ಲ, ಬೋರ್ ಲಾರಿ ಬರಂಗಿಲ್ಲ. "ಸ್ವಾಮಿ, ದಾರಿ?" ಅಂತ ಕೇಳಿದ್ದಕ್ಕೆ ಸಾಹೇಬರು, "ಜಮೀನು ಕೊಟ್ಟಿದೀವಲ್ಲಪ್ಪ, ದಾರಿ ನೀವ್ನೀವೇ ಮಾತಾಡ್ಕೊಳ್ಳಿ" ಅಂದರಂತೆ. ಗಡಿಯಲ್ಲಿ ನಿಂತು ಬಂದ ಮನುಷ್ಯ ಪಕ್ಕದ ಹೊಲದ ಬದುವಿನ ಮುಂದೆ ಕೈಕಟ್ಟಿ ನಿಂತರು. ನಾಲ್ಕು ವರ್ಷ ಬೀಳುಬಿಟ್ಟು, ಕೊನೆಗೆ ಗುತ್ತಿಗೆಗೆ ಅಂತ ಹೆಬ್ಬೆಟ್ಟಲ್ಲ, ಸ್ಪಷ್ಟವಾಗಿ ಸಹಿ ಹಾಕಿ ಕೊಟ್ಟ ಕಾಗದ ಕ್ರಯಪತ್ರ ಆಗಿತ್ತು.

ಪಿಟಿಸಿಎಲ್ ಕಾಯ್ದೆಯಡಿ ಅರ್ಜಿ ಹಾಕಿದ್ವಿ. 2017ರಲ್ಲಿ ಸುಪ್ರೀಂ ಕೋರ್ಟು 'ಸೂಕ್ತ ಸಮಯದೊಳಗೆ' ಬರಬೇಕು ಅಂತ ಹೇಳಿದ ಮೇಲೆ ನಮ್ಮದೂ ತಡ ಆಯ್ತು ಅಂತ ವಜಾ. 2023ರಲ್ಲಿ ಧರಣಿ ಕೂತು ಕೂತು ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತರಿಸಿದ್ವಿ. ಆಗ ಬಂದು ಕೂತಿದ್ದ ನಿಮ್ಮಲ್ಲಿ ಕೆಲವರಿಗೆ ನೆನಪಿರುತ್ತೆ. ಈಗ ಮತ್ತೆ ಫೈಲು ಓಡಾಡ್ತಿದೆ. ದೊಡ್ಡಪ್ಪ ಇಲ್ಲ. ದೊಡ್ಡಮ್ಮ ಚೀಲದಲ್ಲಿ ಅವರ ಡಿಸ್ಚಾರ್ಜ್ ಬುಕ್ಕು ಇಟ್ಕೊಂಡು ಪ್ರತಿ ಹಿಯರಿಂಗಿಗೂ ಬರ್ತಾರೆ.

ಅದಕ್ಕೇ ನಾನು ಕಮಿಟಿ ಮೀಟಿಂಗುಗಳಲ್ಲಿ ಹಠ ಹಿಡಿಯೋದು. ಸೈಟು ಹಂಚೋ ದಿನ ಹಾರ ತುರಾಯಿ ನೋಡಿ ಚಪ್ಪಾಳೆ ಹೊಡೀಬೇಡಿ. ಹಕ್ಕುಪತ್ರದ ಜೊತೆಗೇ ಕೇಳಿ: ದಾರಿ ಯಾವ ಸರ್ವೆ ನಂಬರಿನಲ್ಲಿ ಬರುತ್ತೆ, ನೀರಿನ ಲೈನು ಯಾವ ಟ್ಯಾಂಕಿಂದ, ಚರಂಡಿ ಎಲ್ಲಿಗೆ ಸೇರುತ್ತೆ, ದುಡ್ಡು ಯಾವ ಇಲಾಖೆ ಇಡುತ್ತೆ, ಯಾವ ತಾರೀಖಿಗೆ ಮುಗಿಯುತ್ತೆ. 'ಹಂತ ಹಂತವಾಗಿ' ಅಂತ ಬರೆದಿದ್ರೆ ಸಹಿ ಹಾಕೋಕೆ ಮುಂಚೆ ಹಂತಗಳನ್ನೂ ಬರೆಸ್ಕೊಳ್ಳಿ.

ನಿಮ್ಮ ಊರಲ್ಲಿ ಮಾಜಿ ಸೈನಿಕರ ಹೆಸರಲ್ಲೋ ನಮ್ಮ ಜನರ ಹೆಸರಲ್ಲೋ ಮಂಜೂರಾಗಿ, ದಾರಿ ನೀರು ಇಲ್ಲದೆ ಬಿದ್ದಿರೋ ಜಾಗ ಇದ್ರೆ ಊರು, ಸರ್ವೆ ನಂಬರು, ಮಂಜೂರಾದ ವರ್ಷ ಇಷ್ಟನ್ನು ಇನ್‌ಬಾಕ್ಸಿಗೆ ಹಾಕಿ. ಪಟ್ಟಿ ಮಾಡ್ತಿದ್ದೀವಿ. ಕಾಗದದ ಫೋಟೋ ಇದ್ರೆ ಇನ್ನೂ ಒಳ್ಳೇದು.