ಲೋಕಲ್ ಟ್ರೇನಿನಲ್ಲಿ ಹೇಳಿದ ಪಾಸ್‌ವರ್ಡ್

2022ರ ಜೂನ್ ತಿಂಗಳ ಒಂದು ಬೆಳಿಗ್ಗೆ. ಡೊಂಬಿವಲಿಯಿಂದ ಠಾಣೆಗೆ ಹೊರಟ ಫಾಸ್ಟ್ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಅವಳು ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದಳು. ಆ ಕಡೆ ಇದ್ದವನು ಕಲ್ಯಾಣದ ಮನೆಯಿಂದಲೇ ಕೆಲಸ ಮಾಡುವ ಹುಡುಗ. ಐರೋಲಿಯಲ್ಲಿರುವ ಅವರ ಪುಟ್ಟ ಕಂಪನಿಯ ತಂತ್ರಾಂಶ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಡೇಟಾಬೇಸಿನ ಒಳಗೆ ಹೊಕ್ಕು ನೋಡದೆ ಗತಿಯಿರಲಿಲ್ಲ, ಅದರ ಪಾಸ್‌ವರ್ಡ್ ಬಾಯಿಪಾಠ ಇದ್ದದ್ದು ಅವಳಿಗೆ ಮಾತ್ರ. ಸುತ್ತ ಮರಾಠಿ, ಹಿಂದಿ, ಗುಜರಾತಿ ಮಾತು. ಅವಳು ನಿಶ್ಚಿಂತೆಯಿಂದ ಕನ್ನಡದಲ್ಲಿ ಹೇಳಿದಳು: ಮೊದಲು ನಮ್ಮೂರಿನ ಹೆಸರು, ಮೊದಲಕ್ಷರ ದೊಡ್ಡದು, ಆಮೇಲೆ ಇಸವಿ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ.

ಠಾಣೆಯಲ್ಲಿ ಇಳಿಯುವ ನೂಕಾಟದಲ್ಲಿ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಅರವತ್ತು ದಾಟಿದ ಹೆಂಗಸು. "ಮಗಾ, ಆ ಪಾಸ್‌ವರ್ಡ್ ಬದ್ಲ್ ಮಾಡ್ಕೋ. ನಂಗೂ ಕನ್ನಡ ಬತ್ತ್. ನಮ್ದೂ ಕುಂದಾಪ್ರವೇ."

ಡೊಂಬಿವಲಿಯಲ್ಲಿ ಕನ್ನಡವನ್ನು ಗುಟ್ಟಿನ ಭಾಷೆ ಎಂದುಕೊಳ್ಳುವುದು ದಡ್ಡತನವೇ. ಕರ್ನಾಟಕ ಸಂಘವಿದೆ, ಸಂಘದ ಮಂಜುನಾಥ ವಿದ್ಯಾಲಯವಿದೆ, ಬೀದಿಗೊಂದು ಉಡುಪಿ ಹೋಟೆಲಿದೆ. ಆದರೂ ಊರಾಚೆ ಬೆಳೆದ ಕನ್ನಡಿಗರಿಗೆಲ್ಲ ಈ ಅಭ್ಯಾಸವಿರುತ್ತದೆ. ತರಕಾರಿಯವನ ಎದುರು ಬೆಲೆಯ ಬಗ್ಗೆ, ಲಿಫ್ಟಿನಲ್ಲಿ ಪಕ್ಕದವರ ಬಗ್ಗೆ ಕನ್ನಡದಲ್ಲಿ ಮಾತಾಡಿ, ಮಾತಿಗೆ ಬೀಗ ಹಾಕಿದೆವು ಎಂದುಕೊಳ್ಳುತ್ತಾರೆ.

ಆ ವಾರವೇ ಕಲ್ಯಾಣದ ಹುಡುಗ ಅವಳಿಗೊಂದು ಫೈಲ್ ತೋರಿಸಿದ. ಅವನ ಮನೆಯವರು ಕಲಬುರಗಿ ಕಡೆಯವರು. "ಅಕ್ಕಾರ, ಇದಕ್ಕ ಬೀಗ ಎಲ್ಲಿ ಹಾಕೇದ್ರಿ? ಒಂದ ಕಮಾಂಡ್ ಕೊಟ್ರ ತೆರೀತದ." ಕೊಟ್ಟು ತೋರಿಸಿದ. ಅವಳ ಊರಿನ ಹೆಸರು, ಇಸವಿ, ಆಶ್ಚರ್ಯಸೂಚಕ ಎಲ್ಲ ಪರದೆಯ ಮೇಲೆ ಬಂದು ನಿಂತವು.

ಕಂಪನಿಯ ಕೆಲಸ ಇಷ್ಟು: ಠಾಣೆ, ಡೊಂಬಿವಲಿ, ಕಲ್ಯಾಣಗಳ ಸಣ್ಣ ಸಣ್ಣ ರಕ್ತಪರೀಕ್ಷೆಯ ಲ್ಯಾಬುಗಳಿಗೆ ರಿಪೋರ್ಟ್ ತಯಾರಿಸುವ ತಂತ್ರಾಂಶ ಒದಗಿಸುವುದು. ಅದು ಕಂಟೈನರುಗಳಾಗಿ, ಅಂದರೆ ತನಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಬಂದ ಬುತ್ತಿಗಳಂತೆ, ಅಮೆಜಾನಿನ ಮುಂಬೈ ಕ್ಲೌಡ್‌ನಲ್ಲಿ ಓಡುತ್ತಿತ್ತು. ಅಮೆಜಾನ್ ಮುಂಬೈಯಲ್ಲಿ ಈ ಸೇವೆ ತೆರೆದದ್ದು 2016ರಲ್ಲಿ. ಬುತ್ತಿಗಳನ್ನು ಎಲ್ಲೆಲ್ಲಿ ಇಡಬೇಕು, ಒಂದು ಕೆಟ್ಟರೆ ಇನ್ನೊಂದನ್ನು ಯಾವಾಗ ಎಬ್ಬಿಸಬೇಕು ಎಂದು ನೋಡಿಕೊಳ್ಳುವ ಮೇಸ್ತ್ರಿಯ ಹೆಸರು ಕುಬರ್ನೆಟಿಸ್, ಗೂಗಲ್ 2014ರಲ್ಲಿ ಜಗತ್ತಿಗೆ ಬಿಟ್ಟುಕೊಟ್ಟದ್ದು. ಡೇಟಾಬೇಸಿನ ಪಾಸ್‌ವರ್ಡನ್ನು ಬುತ್ತಿಯೊಳಗೆ ಕಟ್ಟಿಡಬಾರದು, ಬೇರೆಯಾಗಿ ಕೊಡಬೇಕು. ಅದಕ್ಕೆಂದೇ ಕುಬರ್ನೆಟಿಸ್‌ನಲ್ಲಿ 'ಸೀಕ್ರೆಟ್' ಎಂಬ ಒಂದು ವಸ್ತುವಿದೆ.

ಹೆಸರೇ ಮೋಸ. ಸೀಕ್ರೆಟ್‌ನಲ್ಲಿ ಇಟ್ಟದ್ದು ಬೇಸ್-64 ಎಂಬ ರೂಪದಲ್ಲಿ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿಗಳು, ಎರಡು ಚಿಹ್ನೆಗಳು, ಒಟ್ಟು 64. ನೋಡಿದರೆ ತಲೆಬುಡ ತಿಳಿಯದ ಸಾಲು. ಆದರೆ ಅದು ಗೂಢಲಿಪಿಯಲ್ಲ, ಬರೀ ಲಿಪ್ಯಂತರ. ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳು ಅಜ್ಜಿ ಹೇಳಿಕೊಟ್ಟ ಕನ್ನಡ ಹಾಡನ್ನು ನಾಗರಿಯಲ್ಲಿ ಬರೆದುಕೊಳ್ಳುವುದಿಲ್ಲವೇ, ಹಾಗೆ. ನಾಗರಿ ಓದಬಲ್ಲ ಯಾರೂ ಅದನ್ನು ಗಟ್ಟಿಯಾಗಿ ಓದಬಹುದು. ಲಿಪಿ ಬದಲಿಸಲು ಯಾವ ಕೀಲಿಕೈಯೂ ಬೇಡ. ಕುಬರ್ನೆಟಿಸ್ ತಯಾರಿಸಿದವರು ಇದನ್ನೇನೂ ಮುಚ್ಚಿಟ್ಟಿಲ್ಲ. ಬೇರೆ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಸೀಕ್ರೆಟ್‌ಗಳು ಕ್ಲಸ್ಟರಿನ ದಾಖಲೆ ಪುಸ್ತಕವಾದ ಎಟ್‌ಸಿಡಿಯಲ್ಲಿ ಬೀಗವಿಲ್ಲದೆ ಬಿದ್ದಿರುತ್ತವೆ ಎಂದು ಅವರ ಕೈಪಿಡಿಯೇ ಎಚ್ಚರಿಸುತ್ತದೆ. ಕೈಪಿಡಿ ಓದುವ ಪುರುಸೊತ್ತು ಯಾರಿಗಿತ್ತು?

ಅವಳ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಆ ಫೈಲ್ ಇದ್ದದ್ದು ಗಿಟ್‌ನಲ್ಲಿ, ಕಂಪನಿಯ ಕೋಡ್ ಎಲ್ಲ ಇರುವ ಭಂಡಾರದಲ್ಲಿ. ಹಾಕಿದವಳು ಅವಳೇ, 2019ರಲ್ಲಿ. ಗಿಟ್ ಎಂದರೆ ಏನನ್ನೂ ಮರೆಯದ ಅತ್ತೆಯ ಹಾಗೆ. ಇಂದು ಅಳಿಸಿದರೂ, ನಿನ್ನೆ ಏನಿತ್ತು, ಯಾರು ಬರೆದರು, ಎಷ್ಟು ಗಂಟೆಗೆ ಬರೆದರು ಎಲ್ಲ ಇತಿಹಾಸದಲ್ಲಿ ಉಳಿದಿರುತ್ತದೆ. ಆ ಮೂರು ವರ್ಷದಲ್ಲಿ ಇಬ್ಬರು ಗುತ್ತಿಗೆಯ ಹುಡುಗರು ಬಂದು ಹೋಗಿದ್ದರು. ಇಡೀ ಭಂಡಾರದ ಪ್ರತಿ ಅವರ ಲ್ಯಾಪ್‌ಟಾಪಿನಲ್ಲಿ ಇದ್ದಿರಲೇಬೇಕು. ಪಾಸ್‌ವರ್ಡಿನ ಹಿಂದೆ ಇದ್ದದ್ದು ಜನರ ಸಕ್ಕರೆ, ಥೈರಾಯ್ಡ್, ಎಚ್‌ಐವಿ ಪರೀಕ್ಷೆಗಳ ಫಲಿತಾಂಶ, ಹೆಸರು ಮತ್ತು ಫೋನ್ ನಂಬರಿನ ಸಮೇತ.

ಇಂಥದ್ದು ದೊಡ್ಡವರಿಗೂ ಆಗಿದೆ. 2016ರಲ್ಲಿ ಊಬರ್‌ನ ಗಿಟ್‌ಹಬ್ ಭಂಡಾರಕ್ಕೆ ನುಗ್ಗಿದವರಿಗೆ ಕೋಡಿನ ಮಧ್ಯೆ ಅಮೆಜಾನ್ ಕ್ಲೌಡ್‌ನ ಕೀಲಿ ಸಿಕ್ಕಿತು. 5.7 ಕೋಟಿ ಜನರ ವಿವರ ಅವರ ಕೈಸೇರಿತು. 2018ರ ಫೆಬ್ರುವರಿಯಲ್ಲಿ ಟೆಸ್ಲಾ ಕಂಪನಿಯ ಕುಬರ್ನೆಟಿಸ್ ಫಲಕ ಪಾಸ್‌ವರ್ಡೇ ಇಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದನ್ನು ಭದ್ರತಾ ಸಂಶೋಧಕರು ಹೊರಗೆಡವಿದರು. ಕಳ್ಳರು ಅಲ್ಲಿ ಕ್ರಿಪ್ಟೋ ನಾಣ್ಯ ಅರೆಯುತ್ತಿದ್ದರು, ಒಳಗೇ ಕ್ಲೌಡ್‌ನ ಕೀಲಿಯೂ ಇತ್ತು. ಆದರೆ ಅವಳನ್ನು ಹೆಚ್ಚು ಕಾಡಿದ್ದು ಊಬರ್ ಕಥೆಯ ಉತ್ತರಾರ್ಧ. ಅವರು ನುಗ್ಗಿದವರಿಗೆ ಒಂದು ಲಕ್ಷ ಡಾಲರ್ ಕೊಟ್ಟು, ವರ್ಷವಿಡೀ ಸುಮ್ಮನಿದ್ದರು. ಭದ್ರತೆಯ ಮುಖ್ಯಸ್ಥರಾಗಿದ್ದವರು ಆಗ ಅಮೆರಿಕದ ಕೋರ್ಟಿನಲ್ಲಿ ಆರೋಪಿ, ಮುಂದೆ ಅದೇ ವರ್ಷದ ಅಕ್ಟೋಬರಿನಲ್ಲಿ ತಪ್ಪಿತಸ್ಥರೆಂದು ತೀರ್ಮಾನವೂ ಆಯಿತು. ಕೀಲಿ ಕಳೆದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಇತಿಹಾಸವನ್ನೇ ತಿದ್ದಿ ಬರೆಯುವ ಉಪಾಯ ಗಿಟ್‌ನಲ್ಲಿದೆ, ಅದನ್ನೂ ಹುಡುಕಿ ಓದಿದಳು. ಮೂರನೆಯ ದಿನ ಮಾಲೀಕರ ಕೋಣೆಗೆ ಹೋಗಿ ಮರಾಠಿಯಲ್ಲಿ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. "ಯಾರಾದರೂ ನೋಡಿದ್ದಾರಾ?" ಎಂದು ಮಾತ್ರ ಕೇಳಿದರು. ಡೇಟಾಬೇಸಿನ ಲಾಗ್ ಉಳಿದಿದ್ದದ್ದು ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಅನುಮಾನದ ಗುರುತು ಇರಲಿಲ್ಲ. ಮೂರು ವರ್ಷದ ಬಗ್ಗೆ ಉತ್ತರವೇ ಇರಲಿಲ್ಲ.

ಹೊಸ ವ್ಯವಸ್ಥೆಯ ನಕ್ಷೆ ಬರೆಯುವುದು ಸುಲಭವಾಗಿತ್ತು. ಪಾಸ್‌ವರ್ಡ್ ಇನ್ನು ಅಮೆಜಾನಿನ ಸೀಕ್ರೆಟ್ಸ್ ಮ್ಯಾನೇಜರ್ ಎಂಬ ಕಪಾಟಿನಲ್ಲಿರುತ್ತದೆ. ಕ್ಲಸ್ಟರಿನೊಳಗಿನ ಒಬ್ಬ ದೂತ ಅದನ್ನು ತಂದು ಬೇಕಾದ ಕಂಟೈನರಿಗೆ ಮಾತ್ರ ಕೊಡುತ್ತಾನೆ. ಎಟ್‌ಸಿಡಿಗೆ ನಿಜವಾದ ಬೀಗ ಬೀಳುತ್ತದೆ, ಅದರ ಕೀಲಿ ಇನ್ನೊಂದು ಕೀಲಿಯೊಳಗೆ. ಯಾರು ಸೀಕ್ರೆಟ್ ಓದಬಹುದು ಎಂಬ ಪಟ್ಟಿ ಹನ್ನೊಂದು ಜನರಿಂದ ಎರಡಕ್ಕೆ ಇಳಿಯಿತು. ಆ ಅಂಕಣದಲ್ಲಿ ಹೊಸ ಕಂಟೈನರ್ ಎಬ್ಬಿಸುವ ಹಕ್ಕಿದ್ದವನೂ ಅಲ್ಲಿನ ಸೀಕ್ರೆಟ್‌ಗಳನ್ನು ಸುತ್ತುಬಳಸಿ ಓದಬಲ್ಲ ಎಂಬುದು ತಿಳಿದದ್ದು ಆಮೇಲೆ, ಆ ಪಟ್ಟಿಯೂ ಮೊಟಕಾಯಿತು.

ಅಡ್ಡಿಯಾದದ್ದು ಹುಡುಗ ಕೇಳಿದ ಪ್ರಶ್ನೆ: ಕಪಾಟು ತೆರೆಯಲು ದೂತನಿಗೆ ಮತ್ತೊಂದು ಕೀಲಿ ಬೇಕಲ್ಲ, ಅದನ್ನು ಎಲ್ಲಿ ಇಡುವುದು? ಒಂದು ಗುಟ್ಟು ಕಾಯಲು ಇನ್ನೊಂದು ಗುಟ್ಟು. ಉತ್ತರ ಸಿಕ್ಕದ್ದು ರೈಲ್ವೆ ಪಾಸಿನ ರೀತಿಯಲ್ಲಿ. ಟಿಸಿ ಬಂದಾಗ ಯಾರೂ ಗುಪ್ತಪದ ಹೇಳುವುದಿಲ್ಲ, ಗುರುತಿನ ಚೀಟಿಯ ನಂಬರಿರುವ ಪಾಸ್ ತೋರಿಸುತ್ತಾರೆ. 2019ರಿಂದ ಅಮೆಜಾನಿನಲ್ಲಿ ಈ ಅನುಕೂಲವಿದೆ. ಕ್ಲಸ್ಟರ್ ತನ್ನ ಕಂಟೈನರಿಗೆ 'ಇವನು ಇಂಥವನು' ಎಂದು ಸಹಿ ಹಾಕಿದ ಚೀಟಿ ಕೊಡುತ್ತದೆ, ಅದನ್ನು ನೋಡಿ ಅಮೆಜಾನ್ ಸಾಮಾನ್ಯವಾಗಿ ಒಂದು ಗಂಟೆಯ ಮಟ್ಟಿಗೆ ಒಳಗೆ ಬಿಡುತ್ತದೆ. ಕದ್ದು ಇಟ್ಟುಕೊಳ್ಳಲು ಶಾಶ್ವತವಾದದ್ದೇನೂ ಇರುವುದಿಲ್ಲ.

ಇಷ್ಟಾದ ಮೇಲೂ ಹಳೆಯ ಪಾಸ್‌ವರ್ಡ್ ಬದಲಾಗಲೇಬೇಕಿತ್ತು. ಒಂದು ಮಧ್ಯರಾತ್ರಿ ಬದಲಿಸಿದಳು. ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದ ಜನ ಲ್ಯಾಬುಗಳ ಮುಂದೆ ಸಾಲು ನಿಂತಾಗ, ಡೊಂಬಿವಲಿಯಿಂದ ಕಲ್ಯಾಣದವರೆಗೆ ಒಂದು ಕಂಪ್ಯೂಟರೂ ಉಸಿರೆತ್ತಲಿಲ್ಲ. ಕಂಟೈನರುಗಳು ಪಾಸ್‌ವರ್ಡನ್ನು ಏಳುವಾಗ ಒಮ್ಮೆ ಓದಿ ಮನಸ್ಸಿನಲ್ಲಿಟ್ಟುಕೊಂಡಿದ್ದವು. ಹೊಸದು ಬಂದದ್ದು ಅವಕ್ಕೆ ಗೊತ್ತೇ ಆಗಲಿಲ್ಲ. ಅವಳು ಹಳೆಯದನ್ನೇ ಮರಳಿ ಹಾಕಿದಳು.

ಅವಳ ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲೆಯಲ್ಲಿ ಕೂತವರು. ಭಟ್ಟರೋ ಮಾಣಿಯೋ ಕೆಲಸ ಬಿಟ್ಟರೆ ಆ ರಾತ್ರಿಯೇ ಉಗ್ರಾಣದ ಬೀಗ ಬದಲು. "ಬೀಗದಕೈ ವಾಪಸ್ ಕೊಟ್ಟು ಹೋಗಿರ್ತಾರಲ್ಲಪ್ಪಾ?" ಎಂದು ಅವಳು ಚಿಕ್ಕಂದಿನಲ್ಲಿ ಕೇಳಿದ್ದಳಂತೆ. "ಕೈ ಕೊಟ್ಟ. ಅದರ ನಕಲು ಕೊಟ್ಟನಾ?" ಈಗ ಅವಳ ಗೋಳು ಕೇಳಿ ಅವರು ಚಹಾ ಲೋಟ ಕೆಳಗಿಟ್ಟರು. ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟು ತೆಗೆಯಲು ಬರುವವನ ಬಳಿ ಹಳೇ ಕೈ ಮಾತ್ರ ಇದ್ದರೆ ಇಡ್ಲಿಯೇ ಇಲ್ಲ. ಅದಕ್ಕೇ ಬಾಗಿಲಿಗೆ ಸರಪಳಿ ಹಾಕಿ, ಅದರ ಎರಡು ತುದಿಗೆ ಎರಡು ಬೀಗ ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸುತ್ತಿದ್ದರು. ಯಾವುದನ್ನು ತೆರೆದರೂ ಸರಪಳಿ ಬಿಚ್ಚುತ್ತದೆ. ಎಲ್ಲರ ಕೈಗೂ ಹೊಸ ಕೈ ಸೇರಿದ ಮೇಲೆ ಹಳೇ ಬೀಗ ಕಳಚುವುದು. "ಒಂದೇ ದಿನ, ಹೆಚ್ಚು ಬೇಡ" ಎಂದರು.

ಮುಂದಿನ ವಾರ ಡೇಟಾಬೇಸಿಗೆ ಇನ್ನೊಬ್ಬ ಬಳಕೆದಾರನನ್ನು ಸೃಷ್ಟಿಸಿ, ಕಂಟೈನರುಗಳನ್ನು ಒಂದೊಂದಾಗಿ ಮಲಗಿಸಿ ಎಬ್ಬಿಸಿ ಹೊಸ ಹೆಸರಿಗೆ ತಿರುಗಿಸಿದರು. ಯಾವ ಲ್ಯಾಬೂ ಫೋನ್ ಮಾಡಲಿಲ್ಲ. ಮಾರನೆಯ ದಿನ ಹಳೆಯ ಬಳಕೆದಾರನಿಗೆ ಬಾಗಿಲು ಮುಚ್ಚಿತು.

ಆಮೇಲೆ ಲಾಗ್ ನೋಡುತ್ತ ಹುಡುಗ ಹೇಳಿದ, ಯಾರೋ ಇನ್ನೂ ಹಳೇ ಹೆಸರಿನಲ್ಲಿ ಬಾಗಿಲು ತಟ್ಟುತ್ತಿದ್ದಾರೆ ಎಂದು. ದಿನಾ ರಾತ್ರಿ 2 ಗಂಟೆ 10 ನಿಮಿಷಕ್ಕೆ, ಒಂದೇ ಸಲ. ವಿಳಾಸ ಹುಡುಕಿದರೆ ಅದು ಅವರದೇ ಐರೋಲಿ ಆಫೀಸಿನದು.

ಭಾನುವಾರ ಟ್ರಾನ್ಸ್-ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್. ಠಾಣೆಯಲ್ಲಿ ಇಳಿದು ಮಳೆಯಲ್ಲೇ ಬಸ್ ಹಿಡಿದಳು. ಆಫೀಸಿನ ಸ್ಟೋರ್ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ರೌಟರುಗಳ ಹಿಂದೆ, ಒಂದು ಡೆಸ್ಕ್‌ಟಾಪ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮಾನಿಟರ್ ಜೋಡಿಸಿದಳು. ರಾತ್ರಿ ಡೇಟಾಬೇಸಿನ ಪ್ರತಿ ತೆಗೆದಿಡುವ ಪುಟ್ಟ ಪ್ರೋಗ್ರಾಂ, ಅದರಲ್ಲಿ ಪಾಸ್‌ವರ್ಡ್ ಹಾಗೇ ಬರೆದಿತ್ತು. ಮೇಲಿನ ಸಾಲಿನಲ್ಲಿ ಅವಳದೇ ಟಿಪ್ಪಣಿ: ತಾತ್ಕಾಲಿಕ, ಮುಂದಿನ ವಾರ ತೆಗೆಯಬೇಕು. ತಾರೀಖು 2019ರ ಆಗಸ್ಟ್. ಕೆಳಗಿನ ಫೋಲ್ಡರಿನಲ್ಲಿ ಮೂರು ವರ್ಷದ ಪ್ರತಿಗಳು, ಜನರ ಹೆಸರು ಫೋನ್ ನಂಬರುಗಳ ಸಮೇತ, ಯಾವ ಬೀಗವೂ ಇಲ್ಲದೆ.

ಅವಳು ಕುರ್ಚಿ ಎಳೆದು ಕೂತು, ಮಾಲೀಕರ ನಂಬರ್ ಒತ್ತಿದಳು. ಮೂರನೆಯ ರಿಂಗಿಗೆ ಅವರು ಎತ್ತಿದರು.