ಕೊಂಬಿನ ಬಣ್ಣದ ಸೈನಿಕ

ಹೋದ ವರ್ಷ ನವರಾತ್ರಿಗೆ ಅಟ್ಟದಿಂದ ಗೊಂಬೆ ಟ್ರಂಕು ಇಳಿಸಿದಾಗ, ಪಟ್ಟದ ಗೊಂಬೆ ಸುತ್ತಿಟ್ಟ ಹಳೇ ಪಂಚೆಯೊಳಗೆ ಒಬ್ಬ ಪ್ಲಾಸ್ಟಿಕ್ ಸೈನಿಕ ಸಿಕ್ಕಿದ. ಸೊಂಟದಲ್ಲಿ ಎರಡು ತುಂಡು. ಮೈಯೆಲ್ಲ ನೀಲಿ.

ಬೆಂಗಳೂರಲ್ಲಿದ್ದ ಮಾವ ನಮಗೂ ತಮ್ಮನಿಗೂ ಸೇರಿ ತಂದುಕೊಟ್ಟಿದ್ದ ಜಿ.ಐ. ಜೋ ಅದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರಲ್ಲಿ ಅಂಥದ್ದು ಇನ್ಯಾರ ಮನೆಯಲ್ಲೂ ಇರಲಿಲ್ಲ. ಒಂದು ದಿನ ಸೊಂಟ ಕಳಚಿ ಬಿದ್ದಾಗ ಸತ್ತೇ ಹೋದ ಅಂತ ಇಬ್ಬರೂ ಅತ್ತಿದ್ದೆವು. ಅಸಲಿಗೆ ಹೋಗಿದ್ದು ಹೊಟ್ಟೆಯೊಳಗಿನ ಒಂದು ಸಣ್ಣ ರಬ್ಬರ್ ರಿಂಗು. ಅದೇ ಮೇಲ್ಭಾಗವನ್ನೂ ಕಾಲುಗಳನ್ನೂ ಎಳೆದು ಹಿಡಿದಿರುತ್ತದೆ. ಮೋಟಾರ್ ರಿಪೇರಿ ಅಂಗಡಿಯಲ್ಲಿ ಅಳತೆಗೆ ಸರಿಯಾದ ಓ ರಿಂಗ್ ಸಿಕ್ಕಿತು. ಬೆನ್ನಿನ ಸ್ಕ್ರೂ ಬಿಚ್ಚಿ ಹಾಕಿದೆವು, ಎದ್ದು ನಿಂತ.

ಅಮೆರಿಕದ ಹ್ಯಾಸ್ಬ್ರೊ ಕಂಪನಿ 1964ರಲ್ಲಿ ಈ ಹೆಸರಿನ ದೊಡ್ಡ ಗೊಂಬೆ ಮಾಡಿತು. ಗಂಡುಹುಡುಗರು ಗೊಂಬೆ ಅಂದರೆ ಮುಟ್ಟಲ್ಲ ಅಂತ 'ಆಕ್ಷನ್ ಫಿಗರ್' ಎಂದು ಹೆಸರಿಟ್ಟು ಮಾರಿದರು. (ನಮ್ಮಲ್ಲಿ ಗೊಂಬೆ ಕೂರಿಸುವ ಮನೆಯ ಗಂಡುಹುಡುಗರನ್ನು ಅವರು ನೋಡಿರಲಿಲ್ಲ.) ಮೂರು ಮುಕ್ಕಾಲು ಇಂಚಿನ ಚಿಕ್ಕ ಸೈನಿಕ ಬಂದದ್ದು 1982ರಲ್ಲಿ. ಟೈರ್ ಮಾಡುವ ಎಂ.ಆರ್.ಎಫ್. ಜೊತೆ ಹ್ಯಾಸ್ಬ್ರೊ ಸೇರಿ ಕಟ್ಟಿದ ಫನ್‌ಸ್ಕೂಲ್, ಅದೇ ಅಚ್ಚುಗಳಲ್ಲಿ ಇಲ್ಲಿ ಎರಕ ಹೊಯ್ದಿತು. ಅಚ್ಚು ಅಮೆರಿಕದ್ದಾದರೂ ಎಷ್ಟೋ ಗೊಂಬೆಗಳ ಬಣ್ಣ ಇಲ್ಲಿ ಬೇರೆಯಾಯಿತು. ಈ ಬೇರೆ ಬಣ್ಣದವನ್ನೇ ಸಂಗ್ರಹಕಾರರು 'ವೇರಿಯಂಟ್' ಅಂತ ಹುಡುಕುತ್ತಾರೆ.

ಇದರ ಹುಚ್ಚು ಎಷ್ಟು ಅಂದರೆ, 1978ರ ಸ್ಟಾರ್ ವಾರ್ಸ್ ಗೊಂಬೆಗಳಲ್ಲಿ ಜಾವಾ ಅನ್ನೋ ಗಿಡ್ಡ ಒಬ್ಬನಿದ್ದಾನೆ. ಕೆನ್ನರ್ ಕಂಪನಿ ಅವನಿಗೆ ಮೊದಲು ಪ್ಲಾಸ್ಟಿಕ್ ಮೇಲಂಗಿ ತೊಡಿಸಿತ್ತು, ಸ್ವಲ್ಪ ದಿನಕ್ಕೇ ಬಟ್ಟೆಯದಕ್ಕೆ ಬದಲಾಯಿಸಿತು. ಆ ಮೊದಲಿನದು ಕವರ್ ಬಿಚ್ಚದೆ ಇದ್ದರೆ ಲಕ್ಷಗಟ್ಟಲೆ ರೂಪಾಯಿ. ಅದಕ್ಕೇ ಬೇರೆ ಗೊಂಬೆಯ ಮೇಲಂಗಿ ಕತ್ತರಿಸಿ ಜಾವಾಗೆ ತೊಡಿಸಿ ಮಾರುವ ಮೋಸಗಾರರೂ ಹುಟ್ಟಿಕೊಂಡರು.

ನಮ್ಮವನ ಫೋಟೋ ತೆಗೆದು ಸಂಗ್ರಹಕಾರರ ಗುಂಪೊಂದಕ್ಕೆ ಹಾಕಿದೆವು. ರಾತ್ರಿಯೇ ಒಬ್ಬರ ಮೆಸೇಜು: ಈ ನೀಲಿ ತಾನು ಎಲ್ಲೂ ನೋಡಿಲ್ಲ, ಹದಿನೆಂಟು ಸಾವಿರ ಕೊಡುತ್ತೇನೆ. ಆಗ ನಮಗೆ ಪತ್ರಿಕೆಯೊಂದರಿಂದ ನಾಲ್ಕು ತಿಂಗಳ ಸುದ್ದಿ ದುಡ್ಡು ಬರಬೇಕಿತ್ತು, ತಮ್ಮನ ಬೈಕಿನ ಎರಡು ಕಂತು ಬಾಕಿ ಇತ್ತು.

ನೀಲಿ ಎಲ್ಲೂ ಇರಲಿಲ್ಲ, ಯಾಕಂದರೆ ಅದನ್ನು ಬಳಿದಿದ್ದು ನಾವೇ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಅಂತ ಅಪ್ಪ ತಂದಿದ್ದ ಪೇಂಟು ಡಬ್ಬಿಯ ತಳದಲ್ಲಿ ಉಳಿದಿತ್ತು. ಕಂಕುಳಲ್ಲಿ ಉಗುರಿಂದ ಕೆರೆದರೆ ಒಳಗಿನ ಹಸಿರು ಕಾಣುತ್ತದೆ.

"ನಾವೇನು ಸುಳ್ಳು ಹೇಳಿದ್ವಾ? ಅಪರೂಪದ್ದು ಅಂತಿರೋದು ಅವರೇ ತಾನೆ?" ಅಂದ ತಮ್ಮ. ಮಾತು ಸರಿಯೇ ಅನ್ನಿಸಿತು, ಅದೇ ಕಷ್ಟವಾಗಿದ್ದು. ಕಲಬೆರಕೆ ಗೊಬ್ಬರದ ಸುದ್ದಿ ಕಳಿಸಿ ವಾರವೂ ಆಗಿರಲಿಲ್ಲ. ಆ ಅಂಗಡಿಯವನೂ "ರೈತರು ಕೇಳಿದ್ದರೆ ಹೇಳ್ತಿದ್ದೆ" ಅಂತಲೇ ಅಂದಿದ್ದ. ಬೆಳಗಿನ ಜಾವದವರೆಗೂ ನಿದ್ದೆ ಬರಲಿಲ್ಲ. ಎದ್ದು ಕಂಕುಳಿನ ಹಸಿರಿನ ಫೋಟೋ ತೆಗೆದು, ಕೊಂಬಿನ ಕತೆಯನ್ನೂ ಬರೆದು ಕಳಿಸಿದೆವು. ಅವರು ಒಂದು ನಗುವ ಮುಖ ಹಾಕಿ, ಹಾಗಾದರೆ ಬೇಡ ಅಂದರು. ತಮ್ಮ ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ.

ನಿಮ್ಮ ಅಟ್ಟದಲ್ಲೂ ಇಂಥವು ಇದ್ದರೆ ಗುಜರಿಗೆ ಹಾಕುವ ಮೊದಲು ನೋಡಿ. ಬಿಸಿಲು ಬೀಳುವ ಕಡೆ ಇಡಬೇಡಿ, ಬಿಳಿ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಬಂದೂಕನ್ನು ಕೈಗೆ ಒತ್ತಿ ತುರುಕಬೇಡಿ, ಮೊದಲು ಮುರಿಯುವುದು ಹೆಬ್ಬೆರಳು. ಹೊಸದಾಗಿ ಬಣ್ಣವಂತೂ ಬೇಡವೇ ಬೇಡ.

ಅಮ್ಮ ಅವನನ್ನು ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟಿ ಗೊಂಬೆಯ ಅಂಗಡಿ ಮುಂದೆ ಕಾವಲಿಗೆ ನಿಲ್ಲಿಸಿದರು. ಬಂದೂಕು ಎಂದೋ ಕಳೆದುಹೋಗಿತ್ತು. ಮೂರನೇ ದಿನ ಸಂಜೆ ತಮ್ಮನೇ ಊದಿನಕಡ್ಡಿಯ ತುಂಡೊಂದು ಮುರಿದು ತಂದು, ಮೆಲ್ಲಗೆ ಅವನ ಕೈಗೆ ಸಿಕ್ಕಿಸಿದ.